ಚೀಟಿಯಲ್ಲಿ ಬರೆದ ಪ್ರಶ್ನೆಗಳು

(ಹೆಮ್ಮಾಡಿಯ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)

ದೀಪ ಹಚ್ಚುವ ಹೊತ್ತಿಗೆ ನಾವು ಇಲ್ಲಿ ಸೇರಿದ್ದೇವೆ. ಕೆಲವರು ಸೇವಂತಿಗೆ ಗದ್ದೆಗೆ ನೀರು ಹಾಕಿ ಬಂದಿದ್ದೀರಿ. ಕೆಲವರು ಮೀನು ಮಾರಿ ಬಂದಿದ್ದೀರಿ. ಕೆಲವರು ಬೀಡಿ ಕಟ್ಟಿ ಬಂದಿದ್ದೀರಿ. ಎಲ್ಲರ ಮುಖದಲ್ಲೂ ಸುಸ್ತು ಕಾಣ್ತದೆ. ಇವತ್ತು ಆ ಸುಸ್ತಿನ ಬಗ್ಗೆಯೇ ಮಾತಾಡುವ.

ಕೆಲಸ ಮಾಡಿದರೆ ಸುಸ್ತು ಆಗ್ತದೆ. ಉಂಡು ಮಲಗಿ ಎದ್ದರೆ ಹೋಗ್ತದೆ. ಅದು ರೋಗ ಅಲ್ಲ. ಆದರೆ ಬೆಳಿಗ್ಗೆ ಏಳುವಾಗಲೇ ಸುಸ್ತು ಇದ್ದರೆ? ತಿಂಗಳುಗಟ್ಟಲೆ ಹೋಗದೇ ಇದ್ದರೆ? ಬಾವಿಯಿಂದ ಒಂದು ಕೊಡ ನೀರು ಎಳೆಯುವಷ್ಟರಲ್ಲಿ ಉಸಿರು ಮೇಲೆ ಬಂದರೆ? ಅಂಥ ಸುಸ್ತಿಗೆ ಕಾರಣ ಇರ್ತದೆ. ಆ ಕಾರಣವನ್ನು ಹುಡುಕಬೇಕು.

ನಾವು ಹೆಂಗಸರು ಹುಡುಕುವುದಿಲ್ಲ. "ವಯಸ್ಸಾಯ್ತು" ಅಂತೇವೆ. "ದೃಷ್ಟಿ ಬಿತ್ತು" ಅಂತೇವೆ. "ನನ್ನ ಹಣೆಬರಹ" ಅಂತೇವೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ನನ್ನ ಅತ್ತಿಗೆಯ ಕತೆ ಹೇಳ್ತೇನೆ. ಅವರ ಒಪ್ಪಿಗೆ ಕೇಳಿಯೇ ಹೇಳ್ತಿದ್ದೇನೆ.

ಬಟ್ಟಲು ಬೇರೆ ಆಯಿತು

ಆರು ವರ್ಷದ ಹಿಂದಿನ ಮಾತು. ಅತ್ತಿಗೆ ಎರಡನೇ ಬಸುರಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. "ನಿಮಗೆ ಹೆಪಟೈಟಿಸ್ ಬಿ ಇದೆ. ಹೆರಿಗೆ ಆದ ಮೇಲೆ ದೊಡ್ಡ ಡಾಕ್ಟ್ರಿಗೆ ತೋರಿಸಿ" ಅಂತ ಹೇಳಿದರು. ಚೀಟಿಯಲ್ಲಿ ಏನೋ ಬರೆದು ಕೊಟ್ಟರು.

ಆ ಹೆಸರು ಮನೆಯಲ್ಲಿ ಯಾರಿಗೂ ಅರ್ಥ ಆಗಲಿಲ್ಲ. "ಅದು ಕಾಮಾಲೆಯ ವೈರಸ್ ಅಂತೆ" ಎಂದು ಯಾರೋ ಹೇಳಿದರು. "ಅಂಟುರೋಗ ಅಂತೆ" ಎಂದು ಮತ್ತೊಬ್ಬರು ಹೇಳಿದರು. ನನ್ನ ಅಮ್ಮ ಹೆದರಿದರು. ಅತ್ತಿಗೆಯ ಬಟ್ಟಲು, ಲೋಟ ಬೇರೆ ಇಟ್ಟರು. ಅಮ್ಮ ಕೆಟ್ಟವರಲ್ಲ. "ಮಕ್ಳಿಗೆ ಬಂದ್ರೆ ಎಂತ ಮಾಡೂದು?" ಅಂತ ಅವರ ಹೆದರಿಕೆ. ಅತ್ತಿಗೆ ಎದುರು ಮಾತಾಡಲಿಲ್ಲ. ಆರು ವರ್ಷ ಬೇರೆ ಬಟ್ಟಲಲ್ಲೇ ಉಂಡರು.

ಹೆರಿಗೆ ಆಯಿತು. ಗಂಡು ಮಗು. ಮಗು ಚೆನ್ನಾಗಿತ್ತು. ದೊಡ್ಡ ಡಾಕ್ಟ್ರಿಗೆ ತೋರಿಸುವ ಮಾತು ಮರೆತು ಹೋಯಿತು. ನಾಟಿ ಮದ್ದು ತಂದರು. ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕೊಟ್ಟರು. ಪಥ್ಯ ಮಾಡಿಸಿದರು. ಉಪ್ಪಿಲ್ಲ, ಎಣ್ಣೆ ಇಲ್ಲ, ಮೀನಿಲ್ಲ. "ಮದ್ದಾಯ್ತು, ಇನ್ನು ಹೆದ್ರಿಕೆ ಇಲ್ಲ" ಅಂತ ಎಲ್ಲರೂ ಸುಮ್ಮನಾದೆವು.

ಎರಡು ವರ್ಷದ ಹಿಂದೆ ಅವರಿಗೆ ಸುಸ್ತು ಸುರುವಾಯಿತು. ಮಾರಣಕಟ್ಟೆ ಜಾತ್ರೆಯ ಹೊತ್ತಿಗೆ ನಮ್ಮೂರಲ್ಲಿ ಕೈ ಬಿಡುವಿಲ್ಲದ ಕೆಲಸ. ಬೆಳಿಗ್ಗೆ ಹೂ ಕೊಯ್ಯಬೇಕು, ಆಮೇಲೆ ಕಟ್ಟಬೇಕು. ಆ ವರ್ಷ ಅತ್ತಿಗೆ ಗದ್ದೆಯ ಅಂಚಿನಲ್ಲಿ ಕೂತುಬಿಟ್ಟರು. "ಹೆಣೇ, ನನ್ನ್ ಕೈಯಂಗೆ ಆತಿಲ್ಲೆ" ಅಂದರು. ಅವರ ಬಾಯಿಂದ ಆ ಮಾತು ನಾನು ಮೊದಲ ಸಲ ಕೇಳಿದ್ದು.

ಮೂರು ನಿಮಿಷ

ನಾನೇ ಅವರನ್ನು ಲಿವರ್ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದೆ. ಬೆಳಿಗ್ಗೆ ಬಸ್ಸು ಹತ್ತಿ ಹೋದೆವು. ಟೋಕನ್ ತೆಗೆದುಕೊಂಡು ಕೂತೆವು. ಹೆಸರು ಕರೆಯುವಾಗ ಮಧ್ಯಾಹ್ನ ಆಗಿತ್ತು. ಒಳಗೆ ಒಬ್ಬರೇ ಬನ್ನಿ ಅಂದರು. ಅತ್ತಿಗೆ ಹೋದರು. ಮೂರು ನಿಮಿಷದಲ್ಲಿ ಹೊರಗೆ ಬಂದರು. ಕೈಯಲ್ಲಿ ರಕ್ತ ಪರೀಕ್ಷೆಯ ಚೀಟಿ ಇತ್ತು.

"ಡಾಕ್ಟ್ರು ಎಂತ ಹೇಳಿದ್ರು ಅತ್ತಿಗೆ?"

"ಎಂತ ಹೇಳ್ರೋ ಗೊತ್ತಾಯ್ಲಿಲ್ಲ. ಕೇಂಬುಕೆ ಹೆದ್ರಿಕೆ ಆಯ್ತ್. ಹೂಂ ಹೂಂ ಅಂದೆ, ಬಂದೆ."

ಬಸ್ಸಿನಲ್ಲಿ ಬರುವಾಗ ಅವರು ಒಂದೊಂದೇ ಹೇಳಲು ಸುರು ಮಾಡಿದರು. ಮಕ್ಕಳ ವಿಷಯ ಕೇಳಬೇಕಿತ್ತು. ಮದ್ದಿನ ವಿಷಯ ಕೇಳಬೇಕಿತ್ತು. ಬಟ್ಟಲಿನ ವಿಷಯ ಕೇಳಬೇಕಿತ್ತು. ಎಲ್ಲ ಪ್ರಶ್ನೆಯೂ ಅವರ ಹೊಟ್ಟೆಯಲ್ಲೇ ಇತ್ತು. ಡಾಕ್ಟ್ರ ಮುಂದೆ ಬಾಯಿಗೆ ಬರಲಿಲ್ಲ.

ಇದು ನಮಗೆಲ್ಲ ಆಗುವುದೇ. ಡಾಕ್ಟ್ರ ಮುಂದೆ ಕೂತ ಕೂಡಲೇ ಮಾತು ಮರೆತು ಹೋಗ್ತದೆ. ಹೊರಗೆ ಬಂದ ಮೇಲೆ ನೆನಪಾಗ್ತದೆ. ಅದಕ್ಕೆ ಒಂದು ಉಪಾಯ ಇದೆ. ಆ ಉಪಾಯ ಈಗ ನಿಮ್ಮ ಕೈಯಲ್ಲೇ ಇದೆ. ಅದು ಅಕ್ಷರ.

ಚೀಟಿ ಬರೆದದ್ದು

ಅತ್ತಿಗೆ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಮ್ಮ ಕೇಂದ್ರದಲ್ಲೇ ಮತ್ತೆ ಬರೆಯಲು ಕಲಿತವರು. ಮುಂದಿನ ಸಲ ಹೋಗುವ ಹಿಂದಿನ ರಾತ್ರಿ ಮಗಳ ನೋಟ್ ಪುಸ್ತಕದ ಹಾಳೆ ತೆಗೆದುಕೊಟ್ಟೆ. "ನೀವೇ ಬರೀರಿ ಅತ್ತಿಗೆ" ಅಂದೆ. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದರು. ತಪ್ಪು ಇತ್ತು. ನಾನು ತಿದ್ದಲಿಲ್ಲ. ಓದಿದರೆ ಅರ್ಥ ಆಗ್ತಿತ್ತು. ಅಷ್ಟು ಸಾಕು.

1. ನನ್ನ ರೋಗ ಯಾವುದು?

2. ಈ ಸುಸ್ತು ಆ ರೋಗದಿಂದಲೇ ಬಂದದ್ದಾ? ಬೇರೆ ಕಾರಣ ಇದೆಯಾ?

3. ಮಾತ್ರೆ ಬೇಕಾ? ಎಷ್ಟು ವರ್ಷ?

4. ನಾಟಿ ಮದ್ದು ತಿನ್ನಬಹುದಾ? ಪಥ್ಯ ಬೇಕಾ?

5. ಗಂಡನಿಗೆ, ಮಕ್ಕಳಿಗೆ ಬರ್ತದಾ? ಒಟ್ಟಿಗೆ ಊಟ ಮಾಡಬಹುದಾ?

6. ಎಷ್ಟು ಖರ್ಚು?

ಮರುದಿನ ಅತ್ತಿಗೆ ಚೀಟಿಯನ್ನು ಡಾಕ್ಟ್ರ ಮೇಜಿನ ಮೇಲೆ ಇಟ್ಟರು. ಈ ಸಲ ನಾನೂ ಒಳಗೆ ಹೋಗಿದ್ದೆ. ಡಾಕ್ಟ್ರು ಓದಿದರು. ಕನ್ನಡಕ ತೆಗೆದು ಅತ್ತಿಗೆಯ ಮುಖ ನೋಡಿದರು. "ನೀವೇ ಬರೆದದ್ದಾ ಅಮ್ಮ? ಒಳ್ಳೇದಾಯ್ತು. ಒಂದೊಂದಾಗಿ ಹೇಳ್ತೇನೆ" ಅಂದರು.

ಮೊದಲ ಸಲವೂ ಡಾಕ್ಟ್ರು ಇವರೇ. ಮೊದಲ ಸಲ ಅವರಿಗೆ ಪ್ರಶ್ನೆ ಗೊತ್ತಿರಲಿಲ್ಲ. ಹೊರಗೆ ನೂರು ಜನ ಕಾಯ್ತಿದ್ದರು. ನಾವು ಕೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ರೋಗ ಯಾವುದು?

ಡಾಕ್ಟ್ರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳ್ತೇನೆ.

ವೈರಸ್ ಅಂದರೆ ಕಣ್ಣಿಗೆ ಕಾಣದ ಬಹಳ ಸಣ್ಣ ರೋಗಾಣು. ಕೆಲವು ವೈರಸ್ ಬರ್ತವೆ, ಕೆಲವು ದಿನ ಇದ್ದು ಹೋಗ್ತವೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯಾ ಬಂದದ್ದು ನೆನಪಿದೆಯಲ್ಲ? 2020ರಲ್ಲಿ ಕೊರೊನಾ ಬಂತು. ಜ್ವರ ಬಿಟ್ಟ ಮೇಲೂ ಕೆಲವರಿಗೆ ಗಂಟು ನೋವು, ಸುಸ್ತು ತಿಂಗಳುಗಟ್ಟಲೆ ಉಳಿಯಿತು. ಇನ್ನು ಕೆಲವು ವೈರಸ್ ಮೈಯಲ್ಲೇ ಮನೆ ಮಾಡ್ತವೆ. ಹೆಪಟೈಟಿಸ್ ಬಿ ಅಂಥದ್ದು. ಅದು ಲಿವರಿನಲ್ಲಿ ಕೂತಿರ್ತದೆ.

ಲಿವರ್ ಎಂದರೆ ಯಕೃತ್ತು. ಬಲಗಡೆ ಪಕ್ಕೆಲುಬಿನ ಒಳಗೆ ಇದೆ. ಉಂಡ ಅನ್ನವನ್ನು ಮೈಗೆ ಹಿಡಿಸುವುದರಲ್ಲಿ ಅದರ ಕೆಲಸ ದೊಡ್ಡದು. ಮೈಯ ವಿಷವನ್ನೂ ಅದು ತೆಗೀತದೆ. ಈ ವೈರಸ್ ಇದ್ದವರಲ್ಲಿ ತುಂಬ ಜನರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಕೆಲವರಲ್ಲಿ ಒಳಗೊಳಗೇ ಲಿವರ್ ಗಟ್ಟಿಯಾಗ್ತದೆ. ಕೆಲವರಿಗೆ ಲಿವರಿನ ಕ್ಯಾನ್ಸರ್ ಬರ್ತದೆ. ಅದಕ್ಕೇ ಪರೀಕ್ಷೆ ಬಿಡಬಾರದು.

ಇದು ಅತ್ತಿಗೆ ಒಬ್ಬರ ರೋಗ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 2 ಕೋಟಿ 98 ಲಕ್ಷ ಜನರಿಗೆ ಹೆಪಟೈಟಿಸ್ ಬಿ ಇತ್ತು. ಅವರಲ್ಲಿ ಹೆಚ್ಚಿನವರಿಗೆ ತಮಗೆ ಇದೆ ಅಂತಲೇ ಗೊತ್ತಿಲ್ಲ.

ಸುಸ್ತು ಎಲ್ಲಿಂದ ಬಂತು?

ಎರಡನೇ ಪ್ರಶ್ನೆಗೆ ಡಾಕ್ಟ್ರು ಬೆರಳು ಇಟ್ಟರು. "ಇದು ಮುಖ್ಯವಾದ ಪ್ರಶ್ನೆ" ಅಂದರು.

"ವೈರಸ್ಸಿನಿಂದಲೂ ಸುಸ್ತು ಆಗಬಹುದು. ಆದರೆ ವೈರಸ್ ಇದೆ ಅಂತ ಎಲ್ಲ ಸುಸ್ತನ್ನೂ ಅದರ ತಲೆಗೆ ಕಟ್ಟಬಾರದು. ರಕ್ತ ಕಮ್ಮಿ ಇದ್ದರೂ ಸುಸ್ತು. ಥೈರಾಯ್ಡ್ ಇದ್ದರೂ ಸುಸ್ತು. ಸಕ್ಕರೆ ಕಾಯಿಲೆ ಇದ್ದರೂ ಸುಸ್ತು. ನಿದ್ರೆ ಇಲ್ಲದಿದ್ದರೆ, ಮನಸ್ಸಿಗೆ ಬೇಸರ ಇದ್ದರೆ, ಆಗಲೂ ಸುಸ್ತು."

ಅಷ್ಟರಲ್ಲಿ ಅವರು ಚೀಟಿ ತಿರುಗಿಸಿದರು. ಹಿಂದುಗಡೆ ಇನ್ನೊಂದು ಸಾಲು ಇತ್ತು. ನಾನು ಮಲಗಿದ ಮೇಲೆ ಅತ್ತಿಗೆ ಬರೆದದ್ದು. "ಮುಟ್ಟಿನಲ್ಲಿ ತುಂಬ ರಕ್ತ ಹೋಗ್ತದೆ. ಹತ್ತು ದಿನ."

ಅತ್ತಿಗೆ ತಲೆ ತಗ್ಗಿಸಿದರು. ಗಂಡಸು ಡಾಕ್ಟ್ರ ಹತ್ತಿರ ಬಾಯಿ ಬಿಟ್ಟು ಹೇಳಲು ಆಗದ ಮಾತು ಅದು. ನನ್ನ ಹತ್ತಿರವೂ ಹೇಳಿರಲಿಲ್ಲ. ಚೀಟಿ ಹೇಳಿತು.

ರಕ್ತ ಪರೀಕ್ಷೆಯಲ್ಲಿ ಅವರ ಹಿಮೋಗ್ಲೋಬಿನ್ 8 ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. ಇದನ್ನೇ ರಕ್ತಹೀನತೆ ಅಂತಾರೆ. 2019ರಿಂದ 2021ರವರೆಗೆ ಸರ್ಕಾರ ಮಾಡಿದ ಸಮೀಕ್ಷೆಯಲ್ಲಿ ಕರ್ನಾಟಕದ 100 ಹೆಂಗಸರಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ನಾವು ಇಲ್ಲಿ ಕೂತವರಲ್ಲಿ ಎಷ್ಟು ಜನರಿಗೆ ಇದೆಯೋ!

ಡಾಕ್ಟ್ರು ಅತ್ತಿಗೆಯನ್ನು ಹೆಂಗಸರ ಡಾಕ್ಟ್ರ ಹತ್ತಿರ ಕಳಿಸಿದರು. ರಕ್ತಸ್ರಾವಕ್ಕೆ ಮದ್ದು ಆಯಿತು. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಥೈರಾಯ್ಡ್, ಸಕ್ಕರೆ ನೋಡಿದರು. ಅದೆರಡೂ ಸರಿ ಇತ್ತು.

ಮಾತ್ರೆ ಬೇಕಾ?

ಹೆಪಟೈಟಿಸ್ ಬಿ ಇದ್ದ ಎಲ್ಲರಿಗೂ ಕೂಡಲೇ ಮಾತ್ರೆ ಬೇಕು ಅಂತಿಲ್ಲ. ಡಾಕ್ಟ್ರು ಮೊದಲು ಮೂರು ವಿಷಯ ನೋಡ್ತಾರೆ. ರಕ್ತದಲ್ಲಿ ವೈರಸ್ ಎಷ್ಟಿದೆ? ಲಿವರಿಗೆ ಪೆಟ್ಟು ಬೀಳ್ತಾ ಇದೆಯಾ? ಲಿವರ್ ಗಟ್ಟಿಯಾಗಿದೆಯಾ? ಇದಕ್ಕೆ ರಕ್ತ ಪರೀಕ್ಷೆ ಇದೆ, ಸ್ಕ್ಯಾನಿಂಗ್ ಇದೆ.

ಅತ್ತಿಗೆಗೆ ವೈರಸ್ ಕಮ್ಮಿ ಇತ್ತು. ಲಿವರ್ ಚೆನ್ನಾಗಿತ್ತು. "ಈಗ ಮಾತ್ರೆ ಬೇಡ. ಆರು ತಿಂಗಳಿಗೊಮ್ಮೆ ತಪ್ಪದೆ ಬನ್ನಿ" ಅಂದರು.

ಮಾತ್ರೆ ಬೇಕಾದವರಿಗೆ ಟೆನೊಫೊವಿರ್, ಎಂಟೆಕಾವಿರ್ ಎಂಬ ಮಾತ್ರೆಗಳಿವೆ. ದಿನಕ್ಕೆ ಒಂದು. ಅದು ವೈರಸ್ಸನ್ನು ಹತೋಟಿಯಲ್ಲಿ ಇಡ್ತದೆ. ಪೂರ್ತಿ ಓಡಿಸುವುದು ಅಪರೂಪ. ಅದಕ್ಕೆ ಎಷ್ಟೋ ವರ್ಷ ತಿನ್ನಬೇಕಾಗ್ತದೆ. "ನನಗೆ ಹುಷಾರಾಯ್ತು" ಅಂತ ನಾವೇ ನಿಲ್ಲಿಸಬಾರದು. ನಿಲ್ಲಿಸಿದರೆ ವೈರಸ್ ಒಮ್ಮೆಲೇ ಎದ್ದು ಲಿವರಿಗೆ ಅಪಾಯ ಮಾಡಬಹುದು.

ಹೆಪಟೈಟಿಸ್ ಸಿ ಅಂತ ಇನ್ನೊಂದು ಇದೆ. ಅದನ್ನು ಈಗಿನ ಮಾತ್ರೆಗಳು ಮೂರು ತಿಂಗಳಲ್ಲಿ ಹೆಚ್ಚಿನವರಲ್ಲಿ ಪೂರ್ತಿ ಗುಣ ಮಾಡ್ತವೆ. ಅದಕ್ಕೇ "ಬಿ"ಯೋ "ಸಿ"ಯೋ ಅಂತ ಕೇಳಿ, ಬರೆದಿಟ್ಟುಕೊಳ್ಳಿ. ಒಂದು ಅಕ್ಷರ ಬದಲಾದರೆ ಚಿಕಿತ್ಸೆಯೇ ಬದಲಾಗ್ತದೆ.

ನಾಟಿ ಮದ್ದಿನ ವಿಷಯ

ಡಾಕ್ಟ್ರು ಬೈಯಬಹುದು ಅಂತ ಅತ್ತಿಗೆಗೆ ಹೆದರಿಕೆ ಇತ್ತು. ಅವರು ಬೈಯಲಿಲ್ಲ. ತಿಳಿಸಿ ಹೇಳಿದರು.

ಕಾಮಾಲೆ ಅಂದರೆ ಕಣ್ಣು ಹಳದಿ ಆಗುವುದು. ಅದು ಒಂದೇ ರೋಗ ಅಲ್ಲ. ಹಲವು ರೋಗಗಳ ಗುರುತು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಗುಣ ಆಗ್ತವೆ. ಆ ಹೊತ್ತಿಗೆ ನಾವು ಸೊಪ್ಪಿನ ಮದ್ದು ಕುಡಿದಿರ್ತೇವೆ. ಮದ್ದಿನಿಂದಲೇ ಗುಣ ಆಯ್ತು ಅಂತ ತಿಳೀತೇವೆ. ಹೆಪಟೈಟಿಸ್ ಬಿ ಹಾಗಲ್ಲ. ಹಳದಿ ಹೋದರೂ, ಹಳದಿ ಬಾರದೇ ಇದ್ದರೂ, ವೈರಸ್ ಒಳಗೆ ಇರಬಹುದು.

ನೆಲನೆಲ್ಲಿ ನಿಮಗೆಲ್ಲ ಗೊತ್ತು. ಅದನ್ನು ವಿಜ್ಞಾನಿಗಳೂ ಬಿಟ್ಟಿಲ್ಲ. 1988ರಲ್ಲಿ ಮದ್ರಾಸಿನಲ್ಲಿ ಹೆಪಟೈಟಿಸ್ ಬಿ ಇದ್ದವರಿಗೆ ಅದನ್ನು ಕೊಟ್ಟು ನೋಡಿದರು. ಈ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಬ್ಲೂಂಬರ್ಗ್ ಎಂಬವರೂ ಅದರಲ್ಲಿದ್ದರು. ಮೊದಲು ಒಳ್ಳೆಯ ಫಲ ಕಂಡಿತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಆದ್ದರಿಂದ ಅದನ್ನು ನಂಬಿ ಪರೀಕ್ಷೆ ಬಿಡಬಾರದು. ಕೆಲವು ಸೊಪ್ಪು, ಬೇರು, ಭಸ್ಮ ಲಿವರಿಗೇ ಹಾನಿ ಮಾಡ್ತವೆ. ಏನು ತಿಂದಿದ್ದೀರೋ ಅದನ್ನು ಡಾಕ್ಟ್ರಿಗೆ ಮುಚ್ಚಿಡಬೇಡಿ.

ಪಥ್ಯದ ಮಾತಿಗೆ ಡಾಕ್ಟ್ರು ನಕ್ಕರು. "ಮೊದಲೇ ರಕ್ತ ಇಲ್ಲ. ಮೀನೂ ಬಿಟ್ಟರೆ ಹೇಗಮ್ಮ? ಮೀನು, ಮೊಟ್ಟೆ, ಸೊಪ್ಪು, ಬೇಳೆ ಎಲ್ಲ ತಿನ್ನಿ. ಸಾರಾಯಿ ಮಾತ್ರ ಮುಟ್ಟಬಾರದು" ಅಂದರು. ನೋವಿನ ಮಾತ್ರೆಯನ್ನೂ ಅಂಗಡಿಯಿಂದ ನಾವೇ ತಂದು ತಿನ್ನುವುದು ಬೇಡ ಅಂದರು.

ಮಕ್ಕಳ ವಿಷಯ

ಹೆಪಟೈಟಿಸ್ ಬಿ ರಕ್ತದಿಂದ ಬರ್ತದೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ಬರ್ತದೆ. ಗಂಡ ಹೆಂಡಿರ ಸಂಬಂಧದಿಂದ ಬರ್ತದೆ. ಒಬ್ಬರಿಗೆ ಚುಚ್ಚಿದ ಸೂಜಿ, ಒಬ್ಬರು ಬಳಸಿದ ಬ್ಲೇಡಿನಿಂದ ಬರ್ತದೆ. ಒಟ್ಟಿಗೆ ಉಂಡರೆ ಬರುವುದಿಲ್ಲ. ಒಂದೇ ಬಟ್ಟಲಲ್ಲಿ ಉಂಡರೂ ಬರುವುದಿಲ್ಲ. ಅಪ್ಪಿಕೊಂಡರೆ ಬರುವುದಿಲ್ಲ. ಅಡಿಗೆ ಮಾಡಿ ಬಡಿಸಿದರೆ ಬರುವುದಿಲ್ಲ.

"ಬಟ್ಟಲು ಬೇರೆ ಬೇಡ" ಅಂತ ಡಾಕ್ಟ್ರು ಹೇಳಿದಾಗ ಅತ್ತಿಗೆ ಅತ್ತರು. ಆರು ವರ್ಷದಲ್ಲಿ ಅವರು ಅತ್ತದ್ದು ನಾನು ನೋಡಿರಲಿಲ್ಲ.

"ಎಲ್ಲರಿಗೂ ಪರೀಕ್ಷೆ ಮಾಡಿಸಿ" ಅಂದರು. ಮಾಡಿಸಿದೆವು. ನನ್ನ ಅಣ್ಣನಿಗೆ ಇರಲಿಲ್ಲ. ಅವರಿಗೆ ಲಸಿಕೆ ಸುರು ಮಾಡಿದರು. ಆರು ತಿಂಗಳಲ್ಲಿ ಮೂರು ಸೂಜಿ. ಸಣ್ಣ ಮಗನಿಗೂ ಇರಲಿಲ್ಲ. ಅವನು ಹುಟ್ಟಿದ ದಿನವೇ ಆಸ್ಪತ್ರೆಯ ನರ್ಸಮ್ಮ ಸೂಜಿ ಹಾಕಿದ್ದರು. ದೊಡ್ಡ ಮಗಳಿಗೆ ಈಗ ಹನ್ನೊಂದು ವರ್ಷ. ಅವಳಿಗೆ ಇತ್ತು.

ಅವಳ ತಾಯಿ ಕಾರ್ಡು ತೆಗೆದು ನೋಡಿದೆವು. ಹುಟ್ಟಿದ ದಿನದ ಸೂಜಿಯ ಸಾಲು ಖಾಲಿ. ಒಂದೂವರೆ ತಿಂಗಳಿನಿಂದ ಮುಂದಿನದ್ದು ಮಾತ್ರ ಇತ್ತು. ಹುಟ್ಟುವಾಗ ಈ ವೈರಸ್ ಹಿಡಿದ ಮಕ್ಕಳಲ್ಲಿ 100ಕ್ಕೆ ಸುಮಾರು 90 ಮಕ್ಕಳಲ್ಲಿ ಅದು ಉಳಿದೇ ಹೋಗ್ತದೆ. ಅದಕ್ಕೆ ಮಗು ಹುಟ್ಟಿದ 24 ಗಂಟೆಯ ಒಳಗೆ ಮೊದಲ ಸೂಜಿ ಆಗಲೇಬೇಕು. ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಮಗುವಿಗೆ ಇನ್ನೊಂದು ರಕ್ಷಣೆಯ ಸೂಜಿಯೂ ಇದೆ. ಬಸುರಿಯ ಮೈಯಲ್ಲಿ ವೈರಸ್ ಹೆಚ್ಚು ಇದ್ದರೆ ಕೊನೆಯ ತಿಂಗಳುಗಳಲ್ಲಿ ಮಾತ್ರೆ ಕೊಡ್ತಾರೆ. ಎದೆಹಾಲು ಕೊಡಬಹುದು.

ಮಗಳು ಈಗ ಚೆನ್ನಾಗಿದ್ದಾಳೆ. ಶಾಲೆಗೆ ಹೋಗ್ತಾಳೆ, ಓಡ್ತಾಳೆ. ಅವಳಿಗೂ ಈಗ ಮಾತ್ರೆ ಬೇಡ, ಪರೀಕ್ಷೆ ಬೇಕು. ಆದರೆ ಆರು ವರ್ಷ ಅವಳನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಬಟ್ಟಲು ಬೇರೆ ಮಾಡಿದೆವು. ಬೇಕಾದ ಒಂದು ಪ್ರಶ್ನೆ ಕೇಳಲಿಲ್ಲ. ಅತ್ತಿಗೆಗೆ ಅಕ್ಷರ ಮರೆತಿತ್ತು. ನನಗೆ ಅಕ್ಷರ ಇತ್ತಲ್ಲ? ನಾನು ಟೀಚರು. ನಾನೂ ಕೇಳಲಿಲ್ಲ. ಈ ಮಾತನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು ಅಂತಲೇ ಇವತ್ತು ಈ ವಿಷಯ ತೆಗೆದುಕೊಂಡೆ.

ಖರ್ಚು

2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಸುರು ಮಾಡಿತು. ಅದು ಬ್ಲೂಂಬರ್ಗ್ ಹುಟ್ಟಿದ ದಿನ. ಆ ಕಾರ್ಯಕ್ರಮದ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಮಾತ್ರೆ ಉಚಿತ. ಮೊದಲು ನಿಮ್ಮ ಆಶಾ ಅಕ್ಕನನ್ನು ಕೇಳಿ. ಕುಂದಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ, ಉಡುಪಿಯ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. "ದುಡ್ಡಿಲ್ಲ" ಅಂತ ಮನೆಯಲ್ಲಿ ಕೂರಬೇಡಿ.

ಕಣ್ಣು ಹಳದಿಯಾದರೆ, ಹೊಟ್ಟೆ ಊದಿಕೊಂಡರೆ, ರಕ್ತ ವಾಂತಿಯಾದರೆ, ಮಲ ಡಾಮರಿನ ಹಾಗೆ ಕಪ್ಪಗೆ ಹೋದರೆ, ಮಾತು ತಪ್ಪಿದರೆ, ಚೀಟಿ ಬರೆಯುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ನೀವು ಏನು ಬರೆಯಬೇಕು?

ಡಾಕ್ಟ್ರ ಹತ್ತಿರ ಹೋಗುವ ಹಿಂದಿನ ದಿನ ಒಂದು ಹಾಳೆ ತೆಗೆದುಕೊಳ್ಳಿ.

ನಿಮಗೆ ಏನಾಗ್ತದೆ? ಯಾವಾಗಿಂದ? ಬರೆಯಿರಿ.

ಈಗ ಯಾವ ಮಾತ್ರೆ, ಯಾವ ಮದ್ದು ತಿನ್ತೀರಿ? ಬರೆಯಿರಿ. ಹೆಸರು ಬಾರದಿದ್ದರೆ ಮಾತ್ರೆಯ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ.

ಹಳೆಯ ರಿಪೋರ್ಟುಗಳನ್ನು ಒಂದೇ ಕಡೆ ಇಡಿ.

ಬಾಯಿಂದ ಹೇಳಲು ನಾಚಿಕೆ ಆಗುವ ಮಾತನ್ನು ಖಂಡಿತ ಬರೆಯಿರಿ.

ಕೇಳಬೇಕಾದ ಪ್ರಶ್ನೆ ಬರೆಯಿರಿ. ಮುಖ್ಯವಾದದ್ದು ಮೊದಲು.

ಡಾಕ್ಟ್ರು ಹೇಳಿದ ಮೇಲೆ, "ನನಗೆ ಅರ್ಥ ಆದದ್ದು ಹೀಗೆ, ಸರಿಯಾ ಡಾಕ್ಟ್ರೆ?" ಅಂತ ಒಮ್ಮೆ ಹೇಳಿ ನೋಡಿ. ಮತ್ತೆ ಯಾವಾಗ ಬರಬೇಕು ಅಂತ ಕೇಳಿ, ತಾರೀಕು ಬರೆದುಕೊಳ್ಳಿ.

ಕಡೆಯ ಮಾತು

ಆ ದಿನ ಸಂಜೆ ಮನೆಗೆ ಬಂದೆವು. ಅಮ್ಮ ಜಗಲಿಯಲ್ಲಿ ಕಾಯ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಚೀಟಿ ತೆಗೆದರು. ಪ್ರಶ್ನೆಯ ಕೆಳಗೆ ಉತ್ತರವನ್ನೂ ಬರೆದುಕೊಂಡಿದ್ದರು. ಬೆರಳಿಟ್ಟು ಅಕ್ಷರ ಕೂಡಿಸಿ ಓದಿದರು. "ಒಟ್ಟಿಗೆ ಊಟ ಮಾಡಬಹುದು."

ಅಮ್ಮ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಮೂಲೆಯಲ್ಲಿದ್ದ ಬಟ್ಟಲು ತಂದು ಎಲ್ಲ ಬಟ್ಟಲಿನ ಒಟ್ಟಿಗೆ ಕವುಚಿಟ್ಟರು.

ಈಗ ಅತ್ತಿಗೆಯ ರಕ್ತ 11ಕ್ಕೆ ಬಂದಿದೆ. ಸುಸ್ತು ಪೂರ್ತಿ ಹೋಗಿಲ್ಲ. ಆದರೆ ಗದ್ದೆಯ ಅಂಚಿನಲ್ಲಿ ಕೂರುವುದು ನಿಂತಿದೆ. ಕಳೆದ ಸಂಕ್ರಾಂತಿಗೆ ಅವರೇ ಹೂ ಕೊಯ್ದರು, ಕಟ್ಟಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ತಾರೀಕಿಗೆ ಗುರುತು ಹಾಕಿದ್ದಾರೆ. ಒಂದು ಅವರ ಪರೀಕ್ಷೆಗೆ. ಇನ್ನೊಂದು ಮಗಳ ಪರೀಕ್ಷೆಗೆ.

ಅಕ್ಕಂದಿರೇ, ಹೆಸರು ಬರೆಯಲು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದಲು ಕಲಿತಿದ್ದೀರಿ. ಇನ್ನು ಪ್ರಶ್ನೆ ಬರೆಯಲು ಕಲಿಯುವ.

ಓದಿ, ಮಾತಾಡಿ, ಬರೆಯಿರಿ

1. ಅತ್ತಿಗೆಯ ಸುಸ್ತಿಗೆ ಏನು ಕಾರಣ ಸಿಕ್ಕಿತು?

2. ಹೆಪಟೈಟಿಸ್ ಬಿ ಹೇಗೆ ಬರ್ತದೆ? ಹೇಗೆ ಬರುವುದಿಲ್ಲ?

3. ನಿಮ್ಮ ಮನೆಯ ಮಕ್ಕಳ ತಾಯಿ ಕಾರ್ಡು ತೆಗೆದು ನೋಡಿ. ಹುಟ್ಟಿದ ದಿನದ ಸೂಜಿ ಆಗಿದೆಯಾ?

4. ಡಾಕ್ಟ್ರಿಗೆ ನೀವು ಕೇಳಬೇಕು ಅಂತಿರುವ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯಿರಿ.